ಹೊಕ್ಕುಳ ಬಲಕ್ಕೆ ಮೂರು ಗೆರೆ

"ಓದಿ ಡಾಕ್ಟ್ರೇ. ನೀವು ಬರ್ದಿದ್ದು ತಾನೆ? ನೀವೇ ಬಾಯ್ಬಿಟ್ಟು ಓದಿ."

ಮಾರಿಯಪ್ಪನ ತೋರುಬೆರಳು ಫಾರಂನ ಮೂರನೆಯ ಪುಟದ ಮೇಲೆ ಒತ್ತಿ ನಿಂತಿತ್ತು. ಎಷ್ಟು ಒತ್ತಿತ್ತೆಂದರೆ ಉಗುರಿನ ತುದಿ ಬೆಳ್ಳಗಾಗಿತ್ತು.

ಡಾಕ್ಟರ್ ಕೃಷ್ಣಸ್ವಾಮಿ ಕನ್ನಡಕ ಏರಿಸಿಕೊಂಡರು. ವಿಮಾನ ಹಾರಿಸಲು ಹೊರಟ ಹುಡುಗರ ಮೈ ಪರೀಕ್ಷೆ ಮಾಡಿ, ಆಗಬಹುದು ಅಥವಾ ಆಗದು ಎಂದು ಸಹಿ ಹಾಕುವ ಅಧಿಕಾರ ಸೇಲಂನಲ್ಲಿ ಅವರಿಗಿತ್ತು. ಆ ಅಧಿಕಾರದ ಕಾಗದಕ್ಕೆ ಗಾಜು ಹಾಕಿಸಿ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಗೋಡೆಗೆ ತೂಗುಹಾಕಿದ್ದರು.

"ಗುರುತಿನ ಚಿಹ್ನೆ," ಡಾಕ್ಟರು ಓದಿದರು. "ಹೊಕ್ಕುಳ ಬಲಗಡೆ ಮೂರು ಹಳೆಯ ಸುಟ್ಟ ಗೆರೆ. ಸರಿ. ಇದರಲ್ಲೇನಪ್ಪಾ ವಿಶೇಷ?"

"ಯಾರ ಒಟ್ಟೆ ಮೇಲೆ?"

"ಮೇಲೇ ಬರೆದಿದೆಯಲ್ಲ. ಶ್ರೀನಿಧಿ. ಫೇರ್‌ಲ್ಯಾಂಡ್ಸ್ ಗಂಗೂಬಾಯಿಯವರ ಮಗ. ಪೈಲಟ್ ಆಗಬೇಕು ಅಂತಿದ್ದಾನೆ."

ಮಾರಿಯಪ್ಪ ನಕ್ಕ. ಅವನು ನಕ್ಕರೆ ಎದುರಿನವರಿಗೆ ಸಮಾಧಾನ ಆಗುತ್ತಿರಲಿಲ್ಲ. ಶಂಕಗಿರಿಯ ಲಾರಿ ಆಫೀಸುಗಳಲ್ಲಿ ಅವನಿಗೆ ಕ್ಲೇಮು ಮಾರಿಯಪ್ಪ ಎಂದೇ ಹೆಸರು. ಲಾರಿ ಗುದ್ದಿತು, ಲಾರಿ ಬಿತ್ತು ಎಂದು ವಿಮೆ ಕೇಳುವವರ ಕಥೆಯಲ್ಲಿ ಸುಳ್ಳೆಷ್ಟು ಎಂದು ಬೀದಿ ಬೀದಿ ಅಲೆದು ಹೆಕ್ಕಿ ತರುವುದು ಅವನ ಕೆಲಸ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಕ್ಲೀನರ್ ಆದವನು. ಓದಿದವರ ಸಹಿ ಕಂಡರೆ ಅವನ ಕೈ ತುರಿಸುತ್ತಿತ್ತು.

ಹನ್ನೆರಡು ದಿನದ ಹಿಂದೆ ಕಾರಿಮಂಗಲಂ ಸಂತೆಯಲ್ಲಿ ಬಿಳಿ ಮಾರುತಿ ಕಾರು ಹತ್ತಿ ಹೋದ ಕುರಿಗಾಹಿ ಶಿವಲಿಂಗಂ ಮನೆಗೆ ಬಂದಿರಲಿಲ್ಲ. ಅವನ ಅಕ್ಕ, ತನ್ನ ಕಡೆಯವಳೇ ಆದ ಪಾಪಾತಿಯ ಮಾತಿಗೆ ಕಟ್ಟುಬಿದ್ದು, ಆ ಕಾರಿನ ಜಾಡು ಹಿಡಿದು ಮಾರಿಯಪ್ಪ ಈ ಕ್ಲಿನಿಕ್ಕಿಗೆ ಬಂದು ಮುಟ್ಟಿದ್ದ.

"ಡಾಕ್ಟ್ರೇ, ಇಲ್ಲಿ ನೋಡಿ."

ಮಾರಿಯಪ್ಪ ಅಂಗಿ ಎತ್ತಿದ. ಹೊಕ್ಕುಳ ಬಲಕ್ಕೆ ಮೂರು ಗೆರೆ. ಬೆರಳಗಲ, ಬಿಳಿಚಿಕೊಂಡು, ಸೊಟ್ಟಗೆ.

ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. "ಇದು... ಇದೇ ಥರ..."

"ನಮ್ ಕಡೆ ಕೂಸಿಗೆ ಒಟ್ಟೆ ಉಬ್ರುಸ್ಕೊಂಡ್ರೆ ಕುಡುಗೋಲ್ ತುದಿ ಕಾಯ್ಸಿ ಬರೆ ಆಕ್ತಾರೆ. ಕುರೀಗೂ ಅದೇ ಮದ್ದು, ಮಕ್ಳಿಗೂ ಅದೇ ಮದ್ದು. ತಮಿಳ್ನೋರು ಸೂಡು ಅಂತಾರೆ. ದುಡ್ಡಿರೋರೇ ಇರೋ ಆ ಫೇರ್‌ಲ್ಯಾಂಡ್ಸಲ್ಲಿ ಯಾವ ಅಮ್ಮ ಸಾರ್ ಮಗೀಗೆ ಬರೆ ಆಕ್ತಾಳೆ? ಆ ಮಕ್ಳಿಗೆ ಒಟ್ಟೆ ಉಬ್ರುಸುದ್ರೆ ನಿಮ್ಮತ್ರ ಕರ್ಕೊಂಡ್ ಬರಲ್ವಾ?"

ಡಾಕ್ಟರು ಫಾರಂ ತಮ್ಮತ್ತ ಎಳೆದುಕೊಂಡರು. "ಬಿಸಿನೀರು ಬಿದ್ದಿರಬೇಕು ಅಂದುಕೊಂಡೆ. ಕಂಡದ್ದನ್ನ ಬರೆದೆ."

"ಶ್ರೀನಿಧೀನ ನೀವು ನೋಡಿರ್ಲಿಲ್ವಾ?"

"ಎಂಟು ವರ್ಷದವನಿದ್ದಾಗ ನೋಡಿದ್ದು. ಆಮೇಲೆ ಹಾಸ್ಟೆಲ್ ಸೇರಿದ. ತಾಯಿ ಜೊತೆಗೇ ಬಂದಿದ್ದರಲ್ಲ, ನಮ್ಮವರು, ಹದಿನೈದು ವರ್ಷದ ಪರಿಚಯ. ಇವನು ನಿಮ್ಮ ಮಗನೇನಾ ಅಂತ ಹೇಗಪ್ಪಾ ಕೇಳೋದು? ಹುಡುಗ ಬಾಯೇ ಬಿಡಲಿಲ್ಲ. ಗಂಟಲು ಕಟ್ಟಿದೆ ಅಂದರು."

"ಗಂಟ್ಲು ಕಟ್ಟಿದ್ದು ಅವ್ನಿಗಲ್ಲ, ಅವ್ನ ಭಾಷೆಗೆ."

ಡಾಕ್ಟರು ಫಾರಂನ ಪುಟ ತಿರುವಿದರು. ಅವರ ಧ್ವನಿಯಲ್ಲಿ ಬೇಡವೆಂದರೂ ಒಂದು ಬೆರಗು ನುಸುಳಿತು. "ಕಿವಿ ನೋಡು ಅವನದು. ಮುಚ್ಚಿದ ಕೋಣೆಯಲ್ಲಿ ಕೂರಿಸಿ ಸದ್ದು ಇಳಿಸುತ್ತ ಹೋದೆ. ಮಿಷನ್ನಿನಲ್ಲಿ ಇನ್ನು ಇಳಿಸೋಕೆ ಇರಲಿಲ್ಲ, ಅವನು ಕೈ ಎತ್ತುತ್ತಲೇ ಇದ್ದ. ಒಂದೇ ಉಸಿರಲ್ಲಿ ಕೊಳವೆ ಊದಿ ಪಾದರಸ ನಲವತ್ತಕ್ಕೆ ಏರಿಸಿ ಹಿಡಿದು ನಿಲ್ಲಬೇಕು. ಕಾಲೇಜು ಹುಡುಗರು ಐವತ್ತು ಸೆಕೆಂಡಿಗೆ ಕೆಂಪಗಾಗಿ ಬಿಟ್ಟುಬಿಡುತ್ತಾರೆ. ಇವನು ನೂರಾ ಹತ್ತು ನಿಂತ. ನಾನೇ ಸಾಕು ಬಿಡಪ್ಪಾ ಅಂದೆ. ಚುಕ್ಕೆ ಚುಕ್ಕೆ ಬಣ್ಣದೊಳಗೆ ಅಂಕಿ ಬಚ್ಚಿಟ್ಟ ಪುಸ್ತಕ ಇದೆಯಲ್ಲ, ಅದರಲ್ಲಿ ಒಂದೂ ತಪ್ಪಲಿಲ್ಲ. ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ."

"ಇಂಥಾ ಮೈ ಇರೋನು ಪೈಲಟ್ ಆಗಕ್ಕೆ ಆಗಲ್ಲ. ಯಾಕೇಳಿ? ಅವ್ನೂ ಎಂಟ್ನೇ ಕ್ಲಾಸು."

"ಯಾರು ಅವನು?"

ಕೋಪದಲ್ಲಿದ್ದ ಮಾರಿಯಪ್ಪ ಹಿಂದೆಮುಂದೆ ನೋಡಲಿಲ್ಲ. "ಶಿವಲಿಂಗಂ. ಕಾರಿಮಂಗಲಂ ಹತ್ರದ ಮುನಿವೆಂಕಟಪ್ಪನ ಮಗ. ಕುರಿ ಕಾಯ್ತಾನೆ. ಈಗ ಎಲ್ಲವ್ನೆ ಅಂತ ಏಳಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ನನ್ನದು ಮೊದಲ ಪರೀಕ್ಷೆ ಅಷ್ಟೇ. ದೊಡ್ಡದು ಬೆಂಗಳೂರಿನಲ್ಲಿ, ವಾಯುಪಡೆಯವರದ್ದು. ನಾಳೆ ಬೆಳಿಗ್ಗೆ ಎಂಟಕ್ಕೆ. ಅವನನ್ನೇ ಅಲ್ಲಿಗೂ ಕಳಿಸಿರುತ್ತಾರೆ."

"ಅಲ್ಲಿ ಸೈನ್ ಆಕುದ್ರೆ?"

"ಮಿಲಿಟರಿ ಅಪ್ಪಾ ಅದು. ಬೇರೆಯವನ ಹೆಸರಲ್ಲಿ ಅಲ್ಲಿ ಒಳಗೆ ಹೋಗಿ ಸಹಿ ಹಾಕಿದರೆ ಯಾರೂ ಬಿಡಿಸೋಕಾಗಲ್ಲ. ಜೈಲೇ."

ಮಾರಿಯಪ್ಪ ಗೋಡೆ ಗಡಿಯಾರ ನೋಡಿದ. ಮೂರೂವರೆ. ಮಿಕ್ಕಿರುವುದು ಹದಿನಾರೂವರೆ ಗಂಟೆ. ಬಾಗಿಲನ್ನು ತಳ್ಳಿದ ರಭಸಕ್ಕೆ ಗೋಡೆಯ ಮೇಲಿನ ಗಾಜಿನ ಚೌಕಟ್ಟು ಅಲ್ಲಾಡಿತು.

ಡಾಕ್ಟರು ಅದನ್ನೇ ನೋಡುತ್ತ ಕೂತರು.

ಹೊರಗೆ ಪಾಪಾತಿ ಬೈಕಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಇಪ್ಪತ್ತಾರರ ಹೆಂಗಸು, ಬಿಸಿಲಿಗೆ ಕಪ್ಪಿಟ್ಟ ಗಟ್ಟಿ ಮೈ. ಊರಿನಿಂದ ಹೊರಟ ಮೂರು ದಿನದಲ್ಲಿ ಅವಳು ಅತ್ತದ್ದನ್ನು ಮಾರಿಯಪ್ಪ ನೋಡಿದ್ದು ಒಂದೇ ಸಲ.

"ಅವ್ನೇನಾ ಅಣ್ಣಾ?"

"ಅವ್ನೇ. ಬದ್ಕವ್ನೆ. ಹತ್ತು."

ಅವಳು ಎರಡೂ ಕೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದಳು. ಬೈಕು ಹಾರಿತು. ಹೊಸ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಅದು ಒಂದು ಟೌನ್ ಬಸ್ಸಿನ ಮೂತಿ ಸವರಿಕೊಂಡು ಹೋಯಿತು. ಕಂಡಕ್ಟರು ತಮಿಳಿನಲ್ಲಿ ಮಾರಿಯಪ್ಪನ ತಾಯಿಯನ್ನೂ ತಂಗಿಯನ್ನೂ ನೆನೆದ.

"ಮೆತ್ಗೆ ಓಡ್ಸಣ್ಣಾ," ಹಿಂದಿನಿಂದ ಪಾಪಾತಿ ಕೂಗಿದಳು. "ನಾನೇ ಕಾಣ್ದಂಗಾದ್ರೆ ನನ್ನ ಹುಡ್ಕಕ್ಕೆ ನಿಂಗ್ ಏಳೋರ್ ಯಾರು?"

ಫೇರ್‌ಲ್ಯಾಂಡ್ಸ್ ಮನೆಯ ಗೇಟಿನೊಳಗೆ ಬಿಳಿ ಮಾರುತಿ ನಿಂತಿತ್ತು. ಮಾರಿಯಪ್ಪ ಹಾರ್ನ್ ಹೊಡೆಯಲಿಲ್ಲ, ಗೇಟನ್ನೇ ಬಡಿದ.

ಬಾಗಿಲು ತೆಗೆದವರು ಗಂಗೂಬಾಯಿಯವರೇ. ಶಾಲೆಗಳ ತಪಾಸಣೆ ಮಾಡುವ ಅಧಿಕಾರಿ. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಿವಿಯಲ್ಲಿ ಎರಡು ಬಿಳಿ ಹರಳು. ಅವರ ನಿಲುವು ಕಂಡರೇ ಇಡೀ ತರಗತಿ ಎದ್ದು ನಿಲ್ಲಬೇಕು, ಹಾಗಿತ್ತು.

"ಯಾರಪ್ಪಾ? ಯಾವ ಆಫೀಸು? ಎಲ್ಲೀವರೆಗೂ ಓದಿದ್ದೀಯ?"

"ಎಂಟ್ನೇ ಕ್ಲಾಸು ಮೇಡಂ. ಡಾಕ್ಟ್ರು ಬರ್ದಿರೋ ಫಾರಂ ಓದೋಷ್ಟು ಬತ್ತದೆ. ನಿಮ್ ಮಗನ್ನ ಕರೀರಿ."

"ಅವನಿಗೆ ಜ್ವರ. ನಾಳೆ ಬಾ."

"ನಾಳೆ ಅವ್ನು ಬೆಂಗ್ಳೂರಲ್ಲಿರ್ಬೇಕಲ್ಲ?"

ಗಂಗೂಬಾಯಿ ತಿರುಗಿ ಒಳಕೋಣೆಯ ಕಡೆ ನೋಡಿದರು. ಅಷ್ಟು ಸಾಕಾಗಿತ್ತು. ಮಾರಿಯಪ್ಪ ಒಳಗೆ ಕಾಲಿಟ್ಟ. ಪಾಪಾತಿ ಹೊಸ್ತಿಲಾಚೆ ನಿಂತಳು.

"ಆ ಹೆಂಗಸು ಹೊರಗಿರಲಿ," ಎಂದರು ಗಂಗೂಬಾಯಿ.

"ಆ ಎಂಗ್ಸಿನ ತಮ್ಮ ನಿಮ್ಮನೇಲಿ ಇಷ್ಟು ದಿನ ಉಂಡವ್ನೆ. ಅವ್ಳೂ ಒಳಗೇ ಬತ್ತಾಳೆ."

ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಯಿತು. ಬಾಗಿಲ ಚೌಕಟ್ಟು ಹಿಡಿದು ಒಬ್ಬ ಯುವಕ ನಿಂತಿದ್ದ. ಅವನನ್ನು ನೋಡಿದ್ದೇ ಪಾಪಾತಿ "ಲೇ ಶಿವಾ!" ಎಂದು ಎರಡು ಹೆಜ್ಜೆ ಓಡಿದವಳು ಅಲ್ಲೇ ನಿಂತುಬಿಟ್ಟಳು. ಅದೇ ಎತ್ತರ, ಅದೇ ಉದ್ದ ಮೂಗು, ಅದೇ ಹುಬ್ಬು. ಕಾಲು ಮಾತ್ರ ಬಿಸಿಲು ಕಾಣದ ಕಾಲು.

"ಅವ್ನಲ್ಲ," ಎಂದಳು, ತನಗೆ ತಾನೇ.

ಮಾರಿಯಪ್ಪನಿಗೆ ಗಂಗೂಬಾಯಿ ಶಿವಲಿಂಗಂನನ್ನೇ ಯಾಕೆ ಆರಿಸಿದರೆಂದು ಈಗ ಗೊತ್ತಾಯಿತು. ಕಪ್ಪು ಬಿಳುಪಿನ ಪಾಸ್‌ಪೋರ್ಟ್ ಫೋಟೋದಲ್ಲಿ ಇಬ್ಬರನ್ನೂ ಬೇರೆ ಮಾಡಲು ಹೆತ್ತವಳೇ ಬೇಕು.

"ಅಂಗಿ ಎತ್ತು ತಂಬಿ," ಎಂದ ಮಾರಿಯಪ್ಪ.

"ಬೇಡ ನಿಧಿ!" ಗಂಗೂಬಾಯಿ ಅಡ್ಡ ಬಂದರು.

"ವಿಡುಮ್ಮಾ," ಎಂದ ಶ್ರೀನಿಧಿ, ಸಾಕು ಬಿಡು ಎಂಬಂತೆ ಕೈ ಆಡಿಸುತ್ತ. "ಎಷ್ಟು ದಿನ ಮುಚ್ಚಿಡ್ತೀಯ?" ಅಂಗಿ ಎತ್ತಿದ.

ನುಣ್ಣನೆಯ ಬರಿಹೊಟ್ಟೆ ಕಾಣುತ್ತದೆ ಎಂದು ಕಾದಿದ್ದ ಮಾರಿಯಪ್ಪ ಬಗ್ಗಿ ನೋಡಿದ.

ಹೊಕ್ಕುಳ ಬಲಕ್ಕೆ ಮೂರು ಗೆರೆ. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಕೆಂಪಗೆ, ಒದ್ದೆಯಾಗಿ, ಸುತ್ತಲೂ ಹಳದಿ ಮುಲಾಮು ಮೆತ್ತಿಕೊಂಡು.

"ಯಾರು ಆಕಿದ್ದು?"

"ಅಮ್ಮ. ಒಗ್ಗರಣೆ ಸೌಟಿನ ಹಿಡಿ ಕಾಯಿಸಿ." ಕಾಫಿ ಮಾಡಿಕೊಟ್ಟವರು ಯಾರು ಎಂದರೆ ಹೇಳುವ ಹಾಗೆ ಹೇಳಿದ. "ಫ್ಲೈಯಿಂಗ್ ಕ್ಲಬ್‌ನವರು ಸೇರಿಸ್ಕೊಳ್ಳೋ ದಿನ ಫಾರಂ ಹಿಡಿದು ಮೈ ನೋಡ್ತಾರಂತೆ. ಡಾಕ್ಟರು ಅವನ ಹೊಟ್ಟೆ ನೋಡಿ ಬರೆದುಬಿಟ್ಟರು. ಅದಕ್ಕೆ ನನ್ನ ಹೊಟ್ಟೆ ತಿದ್ದಿದರು."

"ಥೂ!" ಮಾರಿಯಪ್ಪನ ನರ ಉಬ್ಬಿತು. "ಕೂಸಿಗೆ ಆಕಿದ ಬರೆ ಕೂಸಿನ ಜೊತೆ ಬೆಳೀತದೆ ಮೇಡಂ. ಅಗ್ಲ ಆಯ್ತದೆ, ಸೊಟ್ಟ ಆಯ್ತದೆ. ಇದನ್ನ ನೋಡುದ್ರೆ ನಮ್ಮೂರ್ ಕುರಿಮರೀನೂ ನಗ್ತದೆ. ಇಷ್ಟು ಓದಿ ಇಸ್ಕೂಲ್ಗಳಿಗೆ ಮಾರ್ಕ್ ಹಾಕೋ ನೀವು ಮಾಡೋ ಕೆಲಸನಾ ಇದು?"

ಗಂಗೂಬಾಯಿ ಕುಸಿದು ಕೂರಲಿಲ್ಲ, ಅಳಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತೇ ಮಾತಾಡಿದರು.

"ಇವನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಹುಣಸೆಮರದಲ್ಲಿ ಗಿಳಿ ಕೂತರೆ ಕೊಕ್ಕು ಎಲ್ಲಿದೆ ಅಂತ ಕೇಳೋನು. ನಮ್ಮಪ್ಪನಿಗೂ ಹಾಗೇ ಇತ್ತು. ಈ ದೋಷ ತಾಯಿ ಕಡೆಯಿಂದ ಮಗನಿಗೆ ಬರುತ್ತಂತೆ. ನಾನು ಕೊಟ್ಟಿದ್ದು ಕಣಪ್ಪಾ. ಐದನೇ ವಯಸ್ಸಿಂದ ವಿಮಾನ ವಿಮಾನ ಅಂತ ಕುಣಿದ ಮಗು. ಮದ್ರಾಸಿನಲ್ಲಿ ಒಬ್ಬ ಡಾಕ್ಟರು ಎರಡು ನಿಮಿಷ ಆ ಚುಕ್ಕೆ ಪುಸ್ತಕ ತೋರಿಸಿ, ಆಗಲ್ಲ, ಎದ್ದೇಳು ಅಂದ. ಎರಡೇ ನಿಮಿಷ. ನಾನು ಕೊಟ್ಟ ಕಣ್ಣಿಗೆ ನಾನೇ ದಾರಿ ಹುಡುಕಬೇಕಿತ್ತು."

ಮಾರಿಯಪ್ಪ ಶ್ರೀನಿಧಿಯ ಕಣ್ಣುಗಳನ್ನು ನೋಡಿದ.

"ಕೆಂಪು ದೀಪ ಕಾಣ್ದೆ ವಿಮಾನ ಇಳ್ಸುದ್ರೆ ಇಂದೆ ಕೂತಿರೋರ ಗತಿ ಏನಮ್ಮಾ?" ಕೇಳಿದವಳು ಪಾಪಾತಿ.

ಗಂಗೂಬಾಯಿ ಅವಳ ಕಡೆ ನೋಡಲಿಲ್ಲ. "ನಿನ್ನ ತಮ್ಮನಿಗೆ ನಾನು ಮೋಸ ಮಾಡಿಲ್ಲ. ಎಲ್ಲಾ ಹೇಳಿಯೇ ಕರೆದುಕೊಂಡು ಬಂದೆ. ಅವನು ಕೇಳಿದ್ದು ಒಂದೇ. ಒಂದು ಸಲ ವಿಮಾನದೊಳಗೆ ಕೂರಿಸ್ತಾರಾ ಅಂತ."

"ಎಲ್ಲವ್ನೆ ಈಗ?"

"ಬೆಂಗಳೂರಲ್ಲಿ. ಮೆಜೆಸ್ಟಿಕ್ ಹತ್ತಿರ ಲಾಡ್ಜ್. ನಾಡಿದ್ದು ಬಂದುಬಿಡುತ್ತಾನೆ."

ಮಾರಿಯಪ್ಪ ಅವರು ತೆಗೆದ ಲಾಡ್ಜಿನ ನಂಬರಿನ ಚೀಟಿ ಕಿತ್ತುಕೊಂಡು ಮನೆಯ ಫೋನಿನಲ್ಲೇ ತಿರುಗಿಸಿದ. ಮೂರು ಸಲ ಕಟ್ಟಾಗಿ ನಾಲ್ಕನೆಯ ಸಲ ಹತ್ತಿತು.

"ಶ್ರೀನಿಧಿನಾ? ನಿನ್ನೆ ಸಾಯಂಕಾಲಾನೇ ರೂಮ್ ಖಾಲಿ ಮಾಡಿದ್ರಲ್ಲ ಸಾರ್. ಬ್ಯಾಗ್ ತಗೊಂಡು ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ."

ಮಾರಿಯಪ್ಪ ಫೋನ್ ಇಟ್ಟ ಸದ್ದಿಗೆ ಗಂಗೂಬಾಯಿ ಬೆಚ್ಚಿದರು. "ಖಾಲಿ ಮಾಡಿದನಾ? ಯಾಕೆ? ಎಲ್ಲಾ ಹೇಳಿ ಕಳಿಸಿದ್ದೆನಲ್ಲ!"

"ನಾನೇ ಹೇಳಿದೆ, ಅಲ್ಲಿ ಇರಬೇಡ ಅಂತ," ಎಂದ ಶ್ರೀನಿಧಿ.

ಎಲ್ಲರೂ ಅವನತ್ತ ತಿರುಗಿದರು. ಅವನು ಅಂಗಿಯ ಅಂಚನ್ನು ಗಾಯಕ್ಕೆ ತಾಗದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ.

"ಹತ್ತು ದಿನ ನನ್ನ ರೂಮಲ್ಲೇ ಮಲಗಿದ ಅವನು. ನಾಲ್ಕು ಮಾತು ಇಂಗ್ಲಿಷ್ ಕಲಿಸು ಅಂತ ಅಮ್ಮ ಹೇಳಿದ್ರು. ನಾಲ್ಕು ದಿನದಲ್ಲಿ ನನ್ನ ಪುಸ್ತಕದಲ್ಲಿರೋ ಮೀಟರ್‌ಗಳ ಹೆಸರೆಲ್ಲಾ ಒಪ್ಪಿಸಿದ. ಮೇಲಿಂದ ನೋಡಿದ್ರೆ ಕುರಿ ಮಂದೆ ಹೆಂಗೆ ಕಾಣುತ್ತೆ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ನಾನು ಮದ್ರಾಸಲ್ಲೇ ಆಸೆ ಬಿಟ್ಟೆ ಅಣ್ಣಾ. ಬಿಡದೆ ಇದ್ದದ್ದು ಅಮ್ಮ."

"ಏನು ಮಾಡಿದೆ ನಿಧಿ?" ಗಂಗೂಬಾಯಿಯ ಧ್ವನಿ ತೆಳ್ಳಗಾಗಿತ್ತು.

"ಎಲ್ಲಾ ಕೊಟ್ಟೆ. ಬರ್ತ್ ಸರ್ಟಿಫಿಕೇಟು, ಪ್ಲಸ್ ಟೂ ಮಾರ್ಕ್‌ಷೀಟು. ಒರಿಜಿನಲ್ಲೇ. ನನ್ನ ಸಹಿ ಹಾಕೋದು ಕಲಿಸಿದೆ. ಪಾಸಾದ್ರೆ ವಾಪಸ್ ಬರಬೇಡ, ನೀನೇ ಕ್ಲಬ್ ಸೇರು, ಶ್ರೀನಿಧಿ ಆಗೇ ಇದ್ದುಬಿಡು ಅಂದೆ. ಮೈ ಅವನದ್ದು, ಕಾಗದ ನನ್ನದು. ಯಾರಾದ್ರೂ ಒಬ್ಬ ಹಾರಲಿ."

ಗಂಗೂಬಾಯಿಯ ಕೈ ಮೇಲೆದ್ದಿತು. ಮಗನ ಕೆನ್ನೆಯವರೆಗೆ ಹೋಗಿ ಅಲ್ಲೇ ನಿಂತಿತು.

ಮಾರಿಯಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಗೆ ಹೋದ, ಬಾಗಿಲಿಗೆ ಬಂದ. ಅವನೊಳಗೆ ಒಬ್ಬ, ಹುಡುಗ ಹಾರಲಿ ಬಿಡೋ ಎನ್ನುತ್ತಿದ್ದ. ಇನ್ನೊಬ್ಬ ಜೈಲಿನ ಕಂಬಿ ತೋರಿಸುತ್ತಿದ್ದ. ಬೆಂಗಳೂರು ಅನ್ನುವುದು ಕಾರಿಮಂಗಲಂ ಸಂತೆಯಲ್ಲ, ಒಂದು ಸುತ್ತು ಹಾಕಿ ಹುಡುಕಲು. ಆದರೂ ಬೆಳಿಗ್ಗೆ ಎಂಟಕ್ಕೆ ಮೊದಲು ಆ ವಾಯುಪಡೆಯ ಗೇಟಿನಲ್ಲಿ ನಿಂತರೆ ಸಾಕು. ಶಿವಲಿಂಗಂ ಅಲ್ಲಿಗೆ ಬರಲೇಬೇಕು. ಒಳಗೆ ಹೋಗುವ ಮೊದಲೇ ರಟ್ಟೆ ಹಿಡಿದು ಎಳೆದುಕೊಂಡರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಫೋನ್ ಬಡಿದುಕೊಂಡಿತು.

ಗಂಗೂಬಾಯಿ ಎತ್ತಿ ಕೇಳಿದರು. ರಿಸೀವರನ್ನು ಮಾರಿಯಪ್ಪನ ಕಡೆ ಚಾಚಿದರು.

"ಮಾರಿಯಪ್ಪಾ?" ಡಾಕ್ಟರ್ ಕೃಷ್ಣಸ್ವಾಮಿಯವರ ಧ್ವನಿ. "ಅಲ್ಲೇ ಇರುತ್ತೀಯ ಅಂದುಕೊಂಡೆ. ಕೋಪ ಮಾಡಿಕೋಬೇಡ. ನನ್ನ ಸಹಿ ಇದೆಯಪ್ಪಾ ಆ ಫಾರಂನಲ್ಲಿ. ನಾಳೆ ಅವರಾಗಿ ಕಂಡುಹಿಡಿದರೆ ನಾನೂ ಸೇರಿಕೊಂಡಿದ್ದೆ ಅಂತಾರೆ. ಇಪ್ಪತ್ತೆರಡು ವರ್ಷದ ಹೆಸರು ನನ್ನದು."

"ಏನ್ ಮಾಡುದ್ರಿ?"

"ಬೆಂಗಳೂರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಶ್ರೀನಿಧಿ ಅನ್ನೋ ಹೆಸರಲ್ಲಿ ನಾಳೆ ಬರೋನು ಶ್ರೀನಿಧಿ ಅಲ್ಲ. ಗೇಟಿನಲ್ಲೇ ಹಿಡೀರಿ ಅಂತ. ನೀನು ಹೇಳಿದೆಯಲ್ಲ, ಆ ಹೆಸರೂ ಊರೂ ಕೊಟ್ಟೆ."

ನೀನು ಹೇಳಿದೆಯಲ್ಲ. ಮಾರಿಯಪ್ಪನ ಕಿವಿಯಲ್ಲಿ ಅದೊಂದೇ ನಿಂತಿತು. ಹೌದು, ಹೇಳಿದ್ದು ಅವನೇ. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಸಿಟ್ಟು ತೀರಿಸಿಕೊಳ್ಳುವ ಆತುರಕ್ಕೆ, ಹುಡುಗನ ಹೆಸರು, ಅಪ್ಪನ ಹೆಸರು, ಊರು, ಎಲ್ಲವನ್ನೂ ಮೇಜಿನ ಮೇಲೆ ಬಿಸಾಕಿ ಬಂದಿದ್ದ.

ಆಚೆ ಕಡೆ ಫೋನ್ ಇಟ್ಟ ಮೇಲೂ ರಿಸೀವರು ಅವನ ಕೈಯಲ್ಲೇ ಇತ್ತು.

"ಏನಂತಣ್ಣಾ?" ಪಾಪಾತಿ ಕೇಳಿದಳು.

ಅವನು ಹೇಳಿದ. ಒಂದೂ ಬಿಡದೆ, ತನ್ನ ತಪ್ಪನ್ನೂ ಸೇರಿಸಿ ಹೇಳಿದ. ಪಾಪಾತಿ ಬಯ್ಯುತ್ತಾಳೆ ಎಂದು ಕಾದ. ಅವಳು ಅವನ ಕೈಯಿಂದ ರಿಸೀವರು ತೆಗೆದು ಫೋನಿನ ಮೇಲಿಟ್ಟಳು.

ಗಂಗೂಬಾಯಿ ಅಲ್ಲಿ ನಿಲ್ಲಲಿಲ್ಲ. ಒಳಗೆ ಹೋದರು. ಕೈಚೀಲ ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ಕಾರಿನ ಕೀಲಿ.

"ಡ್ರೈವರ್ ರಜಾ. ನಿನಗೆ ಕಾರು ಓಡಿಸೋಕೆ ಬರುತ್ತಾ?"

"ಲಾರೀನೇ ಓಡುಸ್ತೀನಿ. ಯಾಕೆ?"

"ಡಾಕ್ಟರು ಹೇಳಿರೋದು ಫೋನಿನಲ್ಲಿ ಬರೀ ಒಂದು ಮಾತು. ನಾನು ಗೇಟಿನಲ್ಲಿ ನಿಂತು ಇವನು ನನ್ನ ಮಗ ಅಂದರೆ? ಫೋಟೋ ಹೊಂದುತ್ತೆ, ಮೈಮೇಲಿನ ಗುರುತು ಹೊಂದುತ್ತೆ, ಕಾಗದ ಎಲ್ಲಾ ಒರಿಜಿನಲ್. ಹೆತ್ತವಳು ಬಂದು ಇವನೇ ಅಂದರೆ ಯಾವ ಮಿಲಿಟರಿ ಅಲ್ಲ ಅನ್ನುತ್ತೆ? ಅವನಿಗೆ ಜೈಲು ತಪ್ಪುತ್ತೆ. ನನ್ನ ಮಗನಿಗೆ ಕೇಸು ತಪ್ಪುತ್ತೆ."

ಮಾರಿಯಪ್ಪ ಆ ಹೆಂಗಸನ್ನೇ ನೋಡಿದ. ಸುಳ್ಳಿನ ಮೇಲೆ ಸುಳ್ಳು ಕಟ್ಟುವ ಲಾರಿ ಮಾಲೀಕರನ್ನು ಅವನು ನೂರು ಜನ ಕಂಡಿದ್ದ. ಇಂಥವರನ್ನು ಕಂಡಿರಲಿಲ್ಲ. ಕೆಲಸ ಕೆಟ್ಟದ್ದು, ಆದರೆ ಲೆಕ್ಕ ಸರಿಯಾಗಿತ್ತು. ಶಿವಲಿಂಗಂ ಜೈಲಿಗೆ ಹೋಗದೆ ಇರಲು ಬೇರೆ ದಾರಿ ಅವನಿಗೂ ಹೊಳೆಯಲಿಲ್ಲ.

"ಆಮೇಲೆ?" ಎಂದಳು ಪಾಪಾತಿ.

"ಆಮೇಲೆ ಏನಮ್ಮಾ?"

"ಒಂದ್ಸಲ ನಿಮ್ ಮಗ ಅಂತ ಸೈನ್ ಆದ್ಮೇಲೆ ಅವ್ನು ನಮ್ಮನೆಗೆ ಯಾರಾಗಿ ಬತ್ತಾನೆ? ನಮ್ಮವ್ವ ಅಂಕಮ್ಮ ಇನ್ನೂ ಬದ್ಕವ್ಳೆ ಅಮ್ಮಾ. ದಿನಾ ಅಟ್ಟೀಲಿ ಕೂತ್ಕೊಂಡು ದಾರಿ ನೋಡ್ತಾವ್ಳೆ."

ಗಂಗೂಬಾಯಿ ಕೈಚೀಲವನ್ನು ಹೆಗಲಿಗೇರಿಸಿದರು. ಕೀಲಿ ಮಾರಿಯಪ್ಪನ ಮುಂದೆ ಚಾಚಿಯೇ ಇತ್ತು.

ಗಡಿಯಾರ ಐದು ಹೊಡೆಯಿತು. ಮಾರಿಯಪ್ಪ ಕೀಲಿ ತೆಗೆದುಕೊಂಡ. ಬೆಂಗಳೂರು ತಲುಪುವಷ್ಟರಲ್ಲಿ ಏನಾದರೂ ಹೊಳೆಯುತ್ತದೆ ಎಂದುಕೊಂಡ, ಹೊಳೆಯದಿದ್ದರೆ ಎಂಬುದನ್ನು ಯೋಚಿಸಲಿಲ್ಲ. ಗಂಗೂಬಾಯಿ ಹಿಂದಿನ ಸೀಟಿಗೆ ಹತ್ತಿದರು. ಪಾಪಾತಿ ಯಾರನ್ನೂ ಕೇಳದೆ ಮುಂದಿನ ಬಾಗಿಲು ತೆಗೆದು ಅವನ ಪಕ್ಕದಲ್ಲಿ ಕೂತಳು.

ಕಾರು ಓಮಲೂರು ರಸ್ತೆಗೆ ಬಿದ್ದ ಮೇಲೆ ಅವಳು ಬಾಯಿಬಿಟ್ಟಳು. ದನಿ ಮೇಲೇರಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು.

"ಅಣ್ಣಾ, ನಾಳೆ ಆ ಗೇಟ್ನಾಗೆ ಅವ್ನು ಎದ್ರಿಗೆ ಬಂದ್ರೆ, ನಾನು ಯಾವ ಎಸ್ರು ಇಡ್ದು ಕೂಗ್ಲಿ?"